ಸರ್ಕಾರದ ಸರ್ವರ್ ಕಾಯುವವರು ಯಾರು?

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆ ನಿಂತುಹೋಯಿತು. ರ‍್ಯಾನ್ಸಮ್‌ವೇರ್ ದಾಳಿ, ಅಂದರೆ ಮಾಹಿತಿಗೆ ಬೀಗ ಹಾಕಿ, ತೆಗೆಯಲು ದುಡ್ಡು ಕೇಳುವುದು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಕಳ್ಳರು ಬೀಗ ಹಾಕಿದ್ದರು. ಓಪಿಡಿ ಚೀಟಿ, ಲ್ಯಾಬ್ ರಿಪೋರ್ಟ್, ಬಿಲ್ಲು ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು, ಎಲ್ಲೆಲ್ಲಿಂದಲೋ ರೈಲು ಹತ್ತಿ ಬಂದ ರೋಗಿಗಳು ಪರದಾಡಿದರು, ಇದು ಒಂದೆರಡು ದಿನಕ್ಕೆ ಮುಗಿಯಲೂ ಇಲ್ಲ, ವಾರ ದಾಟಿತು.

ಕಾರಣ ಏನು? ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ಹಾಗೆ ಭಾಗ ಮಾಡದಿದ್ದರೆ ಒಂದು ಕಡೆ ಹೊಕ್ಕವರು ಬೇರೆ ಕಡೆಗೂ ಸುಲಭವಾಗಿ ನುಗ್ಗಬಹುದು. ಯಾವ ಕಂಪ್ಯೂಟರ್ ಯಾವುದರ ಜೊತೆ ಮಾತಾಡಬೇಕು ಅಂತ ಕೂತು ವಿಂಗಡಿಸಿ, ಆಗಾಗ ಮತ್ತೆ ತಪಾಸಣೆ ಮಾಡುವವರು ಬೇಕು. ಬೇಸರದ ಕೆಲಸ. ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಕಚೇರಿಗಳಲ್ಲಿ ಅಂಥವರು ಇದ್ದಾರಾ? ಎಷ್ಟೋ ಕಡೆ ಈ ಹೊಣೆ ಹೊರಗುತ್ತಿಗೆಯ ಹುಡುಗ ಹುಡುಗಿಯರ ಮೇಲಿದೆ. ಕಡಿಮೆ ದರ ಹಾಕಿದವರಿಗೆ ಟೆಂಡರ್ ಸಿಗುತ್ತದೆ, ಗುತ್ತಿಗೆ ಮುಗಿದರೆ ಆ ಮಕ್ಕಳು ಹೊರಟುಬಿಡುತ್ತಾರೆ, ಆ ನೆಟ್‌ವರ್ಕಿನ ಬಗ್ಗೆ ಅವರಿಗೆ ಗೊತ್ತಿದ್ದದ್ದೆಲ್ಲ ಅವರ ಜೊತೆಗೇ ಹೋಗುತ್ತದೆ. ಕಾಯಂ ನೌಕರರು ಕಲಿಯುವಷ್ಟರಲ್ಲಿ ವರ್ಗಾವಣೆ. ನನಗೆ ನಿಜವಾಗಿ ಭಯ ಆಗುವುದು ಇಲ್ಲೇ.

ತರಬೇತಿ ಇಲ್ಲ ಅಂತಲ್ಲ. ಐದು ವರ್ಷದಲ್ಲಿ 5,000 ಸೈಬರ್ ಕಮಾಂಡೋಗಳನ್ನು ತಯಾರು ಮಾಡುತ್ತೇವೆ ಅಂತ ಕೇಂದ್ರ ಗೃಹ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಪೊಲೀಸರಲ್ಲೇ ಆರಿಸಿ ಐಐಟಿಯಂಥ ಕಡೆ ಕಲಿಸುವ ಯೋಜನೆ. ತುಂಬಾ ಒಳ್ಳೆಯದು. ಆದರೆ ಕಲಿತು ಬಂದವರನ್ನು ಬಂದೋಬಸ್ತ್ ಡ್ಯೂಟಿಗೆ ಹಾಕಿದರೆ ಏನು ಬಂತು?

ಅಮೆರಿಕದಲ್ಲಿ ಸೈಬರ್ ರಕ್ಷಣೆ ಓದುವವರಿಗೆ ಸ್ಕಾಲರ್‌ಶಿಪ್ ಫಾರ್ ಸರ್ವಿಸ್ ಅಂತ ಒಂದು ಯೋಜನೆ ಇದೆ. ಓದಿನ ಖರ್ಚು ಸರ್ಕಾರದ್ದು, ಎಷ್ಟು ಕಾಲ ಪಡೆದಿರೋ ಅಷ್ಟು ಕಾಲ ಸರ್ಕಾರಿ ಕೆಲಸ ಮಾಡಬೇಕು. ನಮಗೂ ಬೇಕಾದ ಉಪಾಯ. ಆದರೆ 2025ರಲ್ಲಿ ಅಲ್ಲಿ ಕೇಂದ್ರ ಸರ್ಕಾರದ ನೇಮಕಾತಿ ನಿಲ್ಲಿಸಿದಾಗ ಹೀಗೆ ಓದಿದವರೇ ಹುದ್ದೆ ಸಿಗದೆ ಒದ್ದಾಡಿದರು. ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಹುದ್ದೆ, ಆಮೇಲೆ ತರಬೇತಿ.

ಎಸ್ಟೋನಿಯಾದ ದಾರಿ ಬೇರೆ. 2007ರಲ್ಲಿ ಅಲ್ಲಿನ ಬ್ಯಾಂಕು, ಪತ್ರಿಕೆ, ಸರ್ಕಾರಿ ವೆಬ್‌ಸೈಟುಗಳ ಮೇಲೆ ದಾಳಿ ಆದಮೇಲೆ ಸ್ವಯಂಸೇವಕರ ಸೈಬರ್ ಘಟಕ ಕಟ್ಟಿದರು. ಖಾಸಗಿ ಕಂಪನಿಗಳಲ್ಲಿ ಕೆಲಸ ಮಾಡುವ ಪರಿಣತರೂ ಅದರಲ್ಲಿದ್ದಾರೆ. ಬೆಂಗಳೂರಿನಲ್ಲಿ ಇಷ್ಟೊಂದು ಇಂಜಿನಿಯರ್‌ಗಳಿದ್ದಾರೆ, 2001ರಲ್ಲೇ ಸೈಬರ್ ಅಪರಾಧಕ್ಕೆ ಅಂತ ಬೇರೆ ಪೊಲೀಸ್ ಠಾಣೆ ಮಾಡಿದ ಊರು ಇದು, ಇಲ್ಲಿ ಇಂಥದ್ದನ್ನು ಕಟ್ಟಬಹುದು ಅಲ್ವಾ?

ಆದರೆ ದಿನನಿತ್ಯ ಕಾಯುವುದಕ್ಕೆ ಕಾಯಂ ಜನ ಬೇಕೇ ಬೇಕು. ಸೈಬರ್ ರಕ್ಷಣೆಗೆ ಪ್ರತ್ಯೇಕ ಕೇಡರ್ ಮಾಡಿ. ಒಂದೇ ಜಾಗದಲ್ಲಿ ಐದು ವರ್ಷ ಬಿಡಿ. ಬಡ್ತಿ ಬೇಕು ಅಂದರೆ ಆಡಳಿತಕ್ಕೇ ಹೋಗಬೇಕು ಅನ್ನುವ ಸ್ಥಿತಿ ಇರಬಾರದು. ಅಪಾಯ ಕಂಡ ಕೂಡಲೇ, ಮೇಲಧಿಕಾರಿಯ ಸಹಿಗೆ ಕಾಯದೆ, ನೆಟ್‌ವರ್ಕ್ ಕಡಿಯುವ ಅಧಿಕಾರವನ್ನು ಅವರಿಗೆ ಬರಹದಲ್ಲೇ ಕೊಡಿ.