ಬೀಟ್ ಪೊಲೀಸರಿಗೆ ಊರು ಗೊತ್ತಿರಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಬೋರ್‌ವೆಲ್ ಕೇಬಲ್ ಹೇಗೆ ಕಳುವಾಗುತ್ತದೆ ಅಂತ ಹಳ್ಳಿಯಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ಒಂದು ಕಡೆ ಕತ್ತರಿಸುತ್ತಾರೆ, ಬೋರಿನ ಬಾಯಿಯ ಹತ್ತಿರ ಇನ್ನೊಂದು ಕಡೆ. ನಡುವಿನ ಕೇಬಲ್ ಸುತ್ತಿಕೊಂಡು ಹೊರಟರೆ ಮುಗಿಯಿತು. ಆಮೇಲೆ ಹಳ್ಳದ ಬದಿಯಲ್ಲೋ ಕೆರೆ ಏರಿಯ ಹಿಂದೋ ಅದನ್ನು ಸುಡುತ್ತಾರೆ. ಮೇಲಿನ ಪ್ಲಾಸ್ಟಿಕ್ ಉರಿದುಹೋಗುತ್ತದೆ, ಒಳಗಿನ ತಾಮ್ರ ಉಳಿಯುತ್ತದೆ. ಅದು ಗುಜರಿಗೆ ಹೋಗುತ್ತದೆ. ತ್ರೀ ಫೇಸ್ ಕರೆಂಟ್ ಬಂತು ಅಂತ ಬೆಳಗಿನ ಜಾವ ಮೋಟರ್ ಹಾಕಲು ಹೋದ ರೈತನಿಗೆ ಕಾಣುವುದು ಕತ್ತರಿಸಿದ ಎರಡು ತುದಿ ಮಾತ್ರ.

ಮುಂದೆ ಆತ ಏನು ಮಾಡುತ್ತಾನೆ? ಎಷ್ಟೋ ಸಲ ಸಾಲಸೋಲ ಮಾಡಿ ಹೊಸ ಕೇಬಲ್ ತರುತ್ತಾನೆ. ಬೆಳೆ ಒಣಗುತ್ತಿರುವಾಗ ಬೇರೆ ದಾರಿ ಇಲ್ಲ. ಠಾಣೆಗೆ ಹೋಗುವುದಿಲ್ಲ. ಠಾಣೆ ಇರುವುದು ದೂರದಲ್ಲಿ, ಹೋದರೆ ಒಂದು ದಿನದ ಕೆಲಸ ಹಾಳು. ‘ಹೋದದ್ದು ಹೋಯ್ತು, ಇನ್ನು ಸಿಗುತ್ತಾ’ ಅನ್ನುವ ಮಾತು ಬೇರೆ. ಪಕ್ಕದ ಊರಿನವರದ್ದೂ ಇದೇ ಕಥೆ. ಹೀಗೆ ಸಾಲಾಗಿ ಐದಾರು ಹೊಲಗಳಲ್ಲಿ ಕೇಬಲ್ ಹೋದರೂ ಠಾಣೆಯ ಪುಸ್ತಕದಲ್ಲಿ ಒಂದೂ ಬರುವುದಿಲ್ಲ.

ಒಬ್ಬೊಬ್ಬರದ್ದನ್ನೇ ನೋಡಿದರೆ ಇದು ಸಣ್ಣ ಕಳವು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯದೇ ಕಾಣುತ್ತದೆ. ಯಾವ ವಾರ ಹೋಯಿತು, ಯಾವ ರಸ್ತೆಯ ಆಸುಪಾಸು ಹೋಯಿತು, ಸುಟ್ಟ ಕಪ್ಪು ಗುರುತು ಎಲ್ಲಿದೆ, ಆ ದಿನಗಳಲ್ಲಿ ಯಾವ ಗಾಡಿ ಓಡಾಡಿತು. ಇಷ್ಟನ್ನೂ ಜೋಡಿಸಿ ನೋಡಲು ಒಬ್ಬ ಮನುಷ್ಯ ಬೇಕು. ಆ ಐದಾರು ಊರಿಗೂ ಹೋಗಿಬರುವವರು, ಎಲ್ಲರ ಹತ್ತಿರ ಮಾತಾಡುವವರು ಬೇಕು. ಬೀಟ್ ಪೊಲೀಸರು ಇರುವುದೇ ಇದಕ್ಕೆ. ಇವತ್ತು ಅವರ ಬಗ್ಗೆ ಮಾತಾಡೋಣ.

ಕರ್ನಾಟಕದಲ್ಲಿ ಬೀಟ್ ವ್ಯವಸ್ಥೆಯನ್ನು 2017ರಲ್ಲಿ ಹೊಸದಾಗಿ ಕಟ್ಟಿದರು. ಆಗ ರೂಪಕ್ ಕುಮಾರ್ ದತ್ತಾ ಅವರು ರಾಜ್ಯದ ಪೊಲೀಸ್ ಮುಖ್ಯಸ್ಥರಾಗಿದ್ದರು. ಅದಕ್ಕೂ ಮೊದಲು ಗಸ್ತು ಇರಲಿಲ್ಲ ಅಂತಲ್ಲ. ಆದರೆ ಇವತ್ತು ಒಬ್ಬರು ಬಂದರೆ ನಾಳೆ ಇನ್ನೊಬ್ಬರು. ಹೊಸ ಪದ್ಧತಿಯಲ್ಲಿ ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿದರು. ಒಂದೊಂದು ಬೀಟನ್ನು ಒಬ್ಬೊಬ್ಬರಿಗೆ ಒಪ್ಪಿಸಿದರು. ಆ ಊರುಗಳ ಮಟ್ಟಿಗೆ ಆ ಕಾನ್‌ಸ್ಟೆಬಲ್ಲೇ ಜವಾಬ್ದಾರರು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಅನ್ನುವ ಕಾರ್ಯಕ್ರಮವೂ ಶುರುವಾಯಿತು. ನಾವು ಠಾಣೆಗೆ ಹೋಗುವ ಬದಲು ಅವರೇ ಮನೆ ಬಾಗಿಲಿಗೆ ಬಂದು, ಪರಿಚಯ ಮಾಡಿಕೊಂಡು, ಕಷ್ಟ ಏನು ಅಂತ ಕೇಳಬೇಕು ಅನ್ನುವುದು ಅದರ ಉದ್ದೇಶ. ನೆರೆಯ ರಾಜ್ಯಗಳು ಇದೇ ದಾರಿಯಲ್ಲಿ ನಮಗಿಂತ ಮೊದಲೇ ಹೊರಟಿದ್ದವು. ತಮಿಳುನಾಡಿನ ರಾಮನಾಥಪುರದಲ್ಲಿ 1993ರಲ್ಲಿ ‘ಫ್ರೆಂಡ್ಸ್ ಆಫ್ ಪೊಲೀಸ್’ ಶುರುವಾಯಿತು. ಕೇರಳದಲ್ಲಿ 2008ರಲ್ಲಿ ‘ಜನಮೈತ್ರಿ ಸುರಕ್ಷಾ’ ಬಂತು.

ಹಳಬರು ಕೆಲವರು ಹೇಳುತ್ತಾರೆ, ‘ನಮ್ಮ ಕಾಲದಲ್ಲಿ ತಳವಾರ ಇದ್ದ, ತೋಟಿ ಇದ್ದ, ಪೊಲೀಸರೇ ಬೇಕಾಗಿರಲಿಲ್ಲ’ ಅಂತ. ತಳವಾರನಿಗೆ ಊರಿನ ಮೂಲೆಮೂಲೆ ಗೊತ್ತಿತ್ತು, ನಿಜ. ಹೊಸಬರು ಯಾರು ಬಂದರು, ಯಾರ ಮನೆಯಲ್ಲಿ ಉಳಿದರು ಅಂತ ಹೇಳಬಲ್ಲವನಾಗಿದ್ದ. ಆದರೆ ಆ ಕೆಲಸ ಹುಟ್ಟಿನಿಂದ ಬಂದದ್ದು. ಇಂಥ ಮನೆಯವರು ಕಾಯಬೇಕು, ಇಂಥ ಮನೆಯವರು ಆಳಬೇಕು ಅನ್ನುವ ಲೆಕ್ಕ. ಆತ ಹೋಗಿ ಹೇಳಬೇಕಾಗಿದ್ದದ್ದು ಪಟೇಲರಿಗೆ. ಪಟೇಲರ ಕಡೆಯವರಿಂದಲೇ ಅನ್ಯಾಯ ಆದರೆ ಯಾರಿಗೆ ಹೇಳುವುದು? ವಂಶಪಾರಂಪರ್ಯದ ಆ ಹುದ್ದೆಗಳನ್ನು ರದ್ದು ಮಾಡಿದ್ದು 1961ರ ಕಾಯ್ದೆ. ಅದು ಹೋದದ್ದು ಒಳ್ಳೆಯದೇ ಆಯಿತು ಅನ್ನುವವನು ನಾನು. ತಳವಾರನಿಗೆ ಊರು ಗೊತ್ತಿತ್ತಲ್ಲ, ಆ ತಿಳಿವಳಿಕೆ ಬೇಕು. ಆದರೆ ಅದು ಊರಿನ ಯಜಮಾನರ ಕೈಯಲ್ಲಿ ಇರಬಾರದು, ಕಾನೂನಿನ ಕೈಯಲ್ಲಿ ಇರಬೇಕು.

ಒಳ್ಳೆಯ ಬೀಟ್ ಪೊಲೀಸರು ಏನು ಮಾಡುತ್ತಾರೆ? ಹೊರಗಿನಿಂದ ನೋಡಿದರೆ ಏನೂ ಮಾಡಿದ ಹಾಗೆ ಕಾಣುವುದಿಲ್ಲ. ಸಂಜೆ ಹಾಲಿನ ಡೈರಿಯ ಮುಂದೆ ಬೈಕ್ ನಿಲ್ಲಿಸುತ್ತಾರೆ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರ ಹತ್ತಿರ ಮಳೆ ಹೇಗಿದೆ, ಬೆಳೆ ಹೇಗಿದೆ ಅಂತ ಮಾತಾಡುತ್ತಾರೆ. ಆ ಮಾತಿನ ನಡುವೆ ಒಬ್ಬರು, ‘ಸಾರ್, ರಾತ್ರಿ ಹನ್ನೊಂದರ ಮೇಲೆ ಶಾಲೆ ಜಗಲಿ ಮೇಲೆ ಹುಡುಗರು ಕುಡೀತಾ ಕೂರ್ತಾರೆ’ ಅನ್ನುತ್ತಾರೆ. ಇನ್ನೊಬ್ಬರು, ‘ಆ ಅಣ್ಣತಮ್ಮಂದಿರು ಬದುವಿನ ವಿಷಯಕ್ಕೆ ಮತ್ತೆ ಶುರು ಹಚ್ಕೊಂಡಿದಾರೆ, ಮೊನ್ನೆ ಮಚ್ಚು ಹಿಡ್ಕೊಂಡು ನಿಂತಿದ್ರು’ ಅನ್ನುತ್ತಾರೆ. ಇದು ಯಾವುದೂ ಕಂಪ್ಲೇಂಟ್ ಅಲ್ಲ. ಯಾರೂ ಸಹಿ ಹಾಕಿಲ್ಲ. ಆದರೆ ಬದುವಿನ ಜಗಳ ಕೊಲೆಯವರೆಗೆ ಹೋದ ಎಷ್ಟೋ ಕೇಸುಗಳಲ್ಲಿ ಹೀಗೆ ಮೊದಲೇ ಊರಿಗೆಲ್ಲ ಗೊತ್ತಿರುತ್ತದೆ. ಪೊಲೀಸರಿಗೆ ಮಾತ್ರ ಗೊತ್ತಿರುವುದಿಲ್ಲ. ಗೊತ್ತಾಗಿದ್ದರೆ ಇಬ್ಬರನ್ನೂ ಠಾಣೆಗೆ ಕರೆಸಿ ಎಚ್ಚರಿಕೆ ಕೊಡಬಹುದು, ಮುಚ್ಚಳಿಕೆ ಬರೆಸಿಕೊಳ್ಳಬಹುದು, ಸರ್ವೆಗೆ ಅರ್ಜಿ ಹಾಕಲು ಹೇಳಬಹುದು. ಜೀವ ಉಳಿಯುವುದು ಆ ಹಂತದಲ್ಲೇ.

ಅದೇ ಪೊಲೀಸರು ಜಗಳ ಆದಾಗ ಮಾತ್ರ ಜೀಪಿನಲ್ಲಿ ಬಂದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಬೀದಿಯ ಬಾಗಿಲುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಕೇಳಿದವರಿಗೆಲ್ಲ ‘ನಾನು ಊರಲ್ಲಿ ಇರ್ಲಿಲ್ಲ ಸಾರ್’ ಅನ್ನುವ ಉತ್ತರ. ಮಹಜರಿಗೆ ಸಾಕ್ಷಿ ಹಾಕಲೂ ಜನ ಸಿಗುವುದಿಲ್ಲ. ಇದರಲ್ಲಿ ತಪ್ಪು ಜನರದ್ದು ಮಾತ್ರ ಅಲ್ಲ. ಪರಿಚಯವೇ ಇಲ್ಲದವರ ಹತ್ತಿರ ಯಾರು ತಾನೆ ಬಾಯಿಬಿಡುತ್ತಾರೆ?

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬೀಟ್ ಪೊಲೀಸರು ಊರಿಗೆ ಬಂದಾಗ ಯಾರ ಮನೆಯ ಜಗಲಿಯಲ್ಲಿ ಕೂರುತ್ತಾರೆ ಅನ್ನುವುದನ್ನು ಇಡೀ ಊರು ಗಮನಿಸುತ್ತದೆ. ದೊಡ್ಡ ಮನೆಯಲ್ಲಿ ಕಾಫಿ ಕುಡಿದು, ಪಂಚಾಯ್ತಿ ಸದಸ್ಯರ ಹತ್ತಿರ ಮಾತಾಡಿ ಹೋದರೆ ಆ ಊರಿನ ಅರ್ಧ ಮಾತ್ರ ಗೊತ್ತಾದ ಹಾಗೆ. ಕೇರಿಗೆ ಹೋಗಬೇಕು. ಕಾಲೊನಿಗೆ ಹೋಗಬೇಕು. ಊರಾಚೆ ಗುಡಿಸಲು ಹಾಕಿಕೊಂಡಿರುವ ಕೂಲಿಯವರ ಹತ್ತಿರ ಹೋಗಬೇಕು. ಮಕ್ಕಳು ಬೆಂಗಳೂರು ಸೇರಿ ಒಬ್ಬರೇ ಉಳಿದಿರುವ ಅಜ್ಜ ಅಜ್ಜಿಯರ ಬಾಗಿಲಿಗೆ ಹೋಗಬೇಕು. ಇಂಥ ಮನೆಗಳು ಈಗ ಪ್ರತಿ ಊರಿನಲ್ಲೂ ಇವೆ. ಇಂಥವರನ್ನು ಯಾರಾದರೂ ವಾರಕ್ಕೊಮ್ಮೆ ಮಾತಾಡಿಸುತ್ತಾರೆ ಅನ್ನುವುದೇ ಅವರಿಗೆ ಒಂದು ಕಾವಲು.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಕುಡಿದು ಬಂದು ಹೊಡೆಯುವ ಗಂಡನ ಬಗ್ಗೆ ಅವರು ಡೈರಿಯ ಸಾಲಿನಲ್ಲಿ ಹೇಳುವುದಿಲ್ಲ. ಸ್ವಸಹಾಯ ಸಂಘದ ಸಭೆಯಲ್ಲಿ ಹೇಳುತ್ತಾರೆ, ಅದೂ ಮಹಿಳಾ ಕಾನ್‌ಸ್ಟೆಬಲ್ ಬಂದು ಜೊತೆಯಲ್ಲಿ ಕೂತರೆ. ಲೈಸೆನ್ಸ್ ಇಲ್ಲದೆ ಮದ್ಯದ ಕ್ವಾರ್ಟರ್ ಬಾಟಲಿ ಮಾರುವ ಚಿಲ್ಲರೆ ಅಂಗಡಿ ಯಾವುದು ಅಂತ ಅವರಿಗೆ ಚೆನ್ನಾಗಿ ಗೊತ್ತು. ಮುಂದಿನ ವಾರ ಯಾವ ಮನೆಯಲ್ಲಿ ಹದಿನೈದು ವರ್ಷದ ಹುಡುಗಿಯ ಮದುವೆ ಅನ್ನುವುದೂ ಗೊತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಿದರೆ ಆ ಮದುವೆ ನಿಲ್ಲಿಸಬಹುದು. ಆದರೆ ಯಾರು ಫೋನ್ ಮಾಡಿದರು ಅನ್ನುವುದು ಮಾರನೆಯ ದಿನ ಊರಿಗೆ ಗೊತ್ತಾದರೆ ಆ ಊರಿನಿಂದ ಮತ್ತೊಂದು ಫೋನ್ ಬರುವುದಿಲ್ಲ. ಹೇಳಿದವರ ಹೆಸರು ಕಾಪಾಡುವುದು ಬೀಟ್ ಪೊಲೀಸರ ಮೊದಲ ಕೆಲಸ. ಇದರಲ್ಲಿ ಒಮ್ಮೆ ತಪ್ಪಿದರೆ ವರ್ಷಗಟ್ಟಲೆ ಕಟ್ಟಿದ ನಂಬಿಕೆ ಹೋಗುತ್ತದೆ.

ಈಗ ಊರಿನವರ ಕಡೆ ಬರೋಣ. 2018ರ ಜುಲೈ ತಿಂಗಳು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ದೇಶದ ತುಂಬ ಓಡಾಡುತ್ತಿತ್ತು. ಬೀದರ್ ಜಿಲ್ಲೆಗೆ ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಕೆಲವರು ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ ಸಾಕಾಯಿತು. ಸುದ್ದಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತ್ತು. ಮುರ್ಕಿ ಗ್ರಾಮದ ಹತ್ತಿರ ಜನ ಅವರ ಮೇಲೆ ಬಿದ್ದರು. ಒಬ್ಬ ಯುವ ಎಂಜಿನಿಯರ್ ಸತ್ತೇ ಹೋದ. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಕಲ್ಲು ಹಿಡಿದವರು ಊರಿನ ಮಾಮೂಲಿ ಜನ. ನಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂತಲೇ ಅಂದುಕೊಂಡಿದ್ದರು. ಆ ಹೊತ್ತಿನಲ್ಲಿ ಎಲ್ಲರಿಗೂ ಪರಿಚಯವಿರುವ ಒಬ್ಬ ಬೀಟ್ ಪೊಲೀಸರಿಗೆ ಒಂದು ಫೋನ್ ಹೋಗಿ, ‘ಸುಳ್ಳು ಸುದ್ದಿ, ಯಾರೂ ಮುಟ್ಟಬೇಡಿ, ಬರ್ತಾ ಇದ್ದೀನಿ’ ಅನ್ನುವ ಮಾತು ಮೊದಲೇ ಹಬ್ಬಿದ್ದರೆ ಏನಾಗುತ್ತಿತ್ತು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ.

ಕಳ್ಳತನ ಜಾಸ್ತಿಯಾದಾಗ ಹಳ್ಳಿಯ ಯುವಕರು ರಾತ್ರಿ ಗಸ್ತು ತಿರುಗುತ್ತಾರೆ. ಅಡಿಕೆ ಕೊಯ್ಲಿನ ಕಾಲದಲ್ಲಿ, ಕುರಿ ಕಳವು ಶುರುವಾದಾಗ ಇದು ಸಾಮಾನ್ಯ. ತಪ್ಪೇನೂ ಇಲ್ಲ. ಗ್ರಾಮ ರಕ್ಷಣಾ ದಳಕ್ಕೆ ನಮ್ಮಲ್ಲಿ 1964ರಿಂದಲೇ ಕಾಯ್ದೆ ಇದೆ. ಆದರೆ ಹೊರಡುವ ಮುಂಚೆ ಠಾಣೆಗೆ ತಿಳಿಸಿ, ಹೆಸರು ಕೊಟ್ಟು ಹೊರಡಿ. ಟಾರ್ಚು, ವಿಷಲ್, ಫೋನ್ ಇರಲಿ. ಯಾರನ್ನಾದರೂ ಕಂಡರೆ 112ಕ್ಕೆ ಫೋನ್ ಮಾಡಿ. ಕಣ್ಣೆದುರೇ ಗಂಭೀರ ಅಪರಾಧ ಮಾಡುತ್ತಿರುವವನನ್ನು ಹಿಡಿಯುವ ಅಧಿಕಾರ ಸಾಮಾನ್ಯ ಮನುಷ್ಯನಿಗೂ ಕಾನೂನು ಕೊಟ್ಟಿದೆ. ಆದರೆ ಹಿಡಿದ ಮೇಲೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು ಅಂತ ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಕಂಬಕ್ಕೆ ಕಟ್ಟುವುದು, ಹೊಡೆಯುವುದು, ವಿಡಿಯೊ ಮಾಡಿ ಹಂಚುವುದು, ಇದಕ್ಕೆಲ್ಲ ಯಾವ ಕಾನೂನಿನಲ್ಲೂ ಜಾಗ ಇಲ್ಲ. ಒಂದೇಟು ಎಲ್ಲಿ ಬಿತ್ತು ಅನ್ನುವುದರ ಮೇಲೆ ನಿಮ್ಮೂರಿನ ನಾಲ್ಕು ಹುಡುಗರ ಬದುಕು ಜೈಲಿನಲ್ಲಿ ಕಳೆಯಬಹುದು.

ಇನ್ನು ಇಲಾಖೆಯವರಿಗೂ ಒಂದು ಮಾತು. ಬೀಟ್ ವ್ಯವಸ್ಥೆ ಕಾಗದದಲ್ಲಿ ಚೆನ್ನಾಗಿದೆ. ಆದರೆ ಬೀಟಿನ ಕಾನ್‌ಸ್ಟೆಬಲ್ ಬೀಟಿನಲ್ಲಿ ಇರಬೇಕಲ್ಲ? ಇವತ್ತು ಜಾತ್ರೆ ಬಂದೋಬಸ್ತ್, ನಾಳೆ ಮಂತ್ರಿಗಳ ಬಂದೋಬಸ್ತ್, ನಾಡಿದ್ದು ಕೋರ್ಟ್ ಡ್ಯೂಟಿ, ಸಮನ್ಸ್ ಜಾರಿ. ಠಾಣೆಯಲ್ಲಿ ಜನ ಕಡಿಮೆ. ಉಳಿದ ಒಂದೆರಡು ಗಂಟೆಯಲ್ಲಿ ಊರಿಗೆ ಬಂದವರು ಗಸ್ತು ಪುಸ್ತಕಕ್ಕೆ ಸಹಿ ಹಾಕಿ, ಇ-ಬೀಟ್ ಇರುವ ಕಡೆ ಮೊಬೈಲಿನಲ್ಲಿ ಹಾಜರಿ ತೋರಿಸಿ ಓಡಬೇಕಾಗುತ್ತದೆ. ಮೇಲಿನವರಿಗೆ ಕಾಣುವುದು ಎಷ್ಟು ಕಡೆ ಹಾಜರಿ ಬಿತ್ತು ಅನ್ನುವುದು. ಎಷ್ಟು ಜನರ ಹತ್ತಿರ ಮಾತಾಡಿದರು ಅನ್ನುವುದು ಕಾಣುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹತ್ತು ಕಡೆ ಸುಮ್ನೆ ಹಾಜರಿ ಹಾಕುವುದಕ್ಕಿಂತ ಎರಡು ಕಡೆ ಅರ್ಧ ಗಂಟೆ ಕೂತು ಮಾತಾಡುವುದು ಮೇಲು. ಇನ್ನೊಂದು, ಊರು ಅರ್ಥವಾಗುವಷ್ಟರಲ್ಲಿ ಬೀಟ್ ಬದಲಾಯಿಸಬೇಡಿ. ಒಂದು ಮಳೆಗಾಲ, ಒಂದು ಸುಗ್ಗಿ, ಒಂದು ಪಂಚಾಯ್ತಿ ಚುನಾವಣೆ ನೋಡದೆ ಯಾವ ಊರೂ ಅರ್ಥವಾಗುವುದಿಲ್ಲ.

ಮೊಬೈಲ್ ಮೋಸದ ಬಗ್ಗೆ ಬೇರೆ ದಿನ ವಿವರವಾಗಿ ಮಾತಾಡಬೇಕು. ಸದ್ಯಕ್ಕೆ ಇಷ್ಟು ನೆನಪಿಡಿ. ಖಾತೆಯಿಂದ ಹಣ ಹೋಯಿತು ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣ ಖಾತೆಯಿಂದ ಖಾತೆಗೆ ದಾಟಿ ಕೈಗೆ ಸಿಗದಂತಾಗುತ್ತದೆ.

ಕೊನೆಯದಾಗಿ, ಕಂಪ್ಲೇಂಟ್ ಕೊಡುವುದಕ್ಕೆ ಹಿಂಜರಿಯುವವರಿಗೆ ಕೆಲವು ವಿಷಯ ಹೇಳುತ್ತೇನೆ. ಆಗಲೇ ಹೇಳಿದ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂದಿದೆ, ಅದರಲ್ಲಿ ಇವು ಸ್ಪಷ್ಟವಾಗಿವೆ. ‘ಇದು ನಮ್ಮ ವ್ಯಾಪ್ತಿ ಅಲ್ಲ’ ಅಂತ ಠಾಣೆಯವರು ವಾಪಸ್ ಕಳಿಸುವ ಹಾಗಿಲ್ಲ. ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ದೂರು ತೆಗೆದುಕೊಳ್ಳಬೇಕು. ಇಂಟರ್‌ನೆಟ್ ಮೂಲಕವೂ ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಹೆಂಗಸರನ್ನು, ಅರವತ್ತು ದಾಟಿದವರನ್ನು, ಅಂಗವಿಕಲರನ್ನು ಸಾಕ್ಷಿ ವಿಚಾರಣೆಗೆ ಅಂತ ಠಾಣೆಗೆ ಬರಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ, ಪೊಲೀಸರೇ ಮನೆಗೆ ಬರಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು.

ನಿಮ್ಮ ಬೀಟಿನ ಕಾನ್‌ಸ್ಟೆಬಲ್ ಯಾರು ಅಂತ ಗೊತ್ತಿಲ್ಲದಿದ್ದರೆ ನಾಳೆಯೇ ಠಾಣೆಗೆ ಫೋನ್ ಮಾಡಿ ಹೆಸರು, ನಂಬರ್ ತೆಗೆದುಕೊಳ್ಳಿ. ಮುಂದಿನ ಗ್ರಾಮಸಭೆಗೆ ಅವರನ್ನು ಕರೆಯಿರಿ. ನಮಸ್ಕಾರ.