ಘಾಟಿಯಲ್ಲಿ ಬಿಸಿಯಾಗುತ್ತಿದ್ದ ಕ್ವಾಲಿಸ್: ಫ್ಯಾನ್ ಕ್ಲಚ್ ಬಿಚ್ಚಿದ ಬೆಳಗು

ಬೆಳಗ್ಗೆ ಆರೂವರೆ. ಇಂಜಿನ್ ರಾತ್ರಿಯಿಡೀ ತಣ್ಣಗಾಗಿದೆ, ಕೀ ನನ್ನ ಜೇಬಲ್ಲಿದೆ. ಇದು ನಮ್ಮಪ್ಪನ ಕ್ವಾಲಿಸ್. 2003ರ ಗಾಡಿ, ಬಿಡದಿಯಲ್ಲಿ ತಯಾರಾಗಿದ್ದು, 2446 ಸಿಸಿ ಡೀಸೆಲ್. ಹಾಸನದಿಂದ ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಅಪ್ಪ ಇದರಲ್ಲೇ ಬಾಡಿಗೆ ಹೊಡೆದು ನಮ್ಮನ್ನ ಓದಿಸಿದ್ರು. ಇದನ್ನ ಗುಜರಿಗೆ ಹಾಕೋ ಮಾತು ನಮ್ಮನೇಲಿ ಯಾರೂ ಎತ್ತಲ್ಲ.

ಕಳೆದ ತಿಂಗಳು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತಾ ಇದ್ವಿ. ಮುಂದೆ ಸಾಲಾಗಿ ಲಾರಿ, ನಾವು ಸೆಕೆಂಡ್ ಗೇರಲ್ಲಿ ತೆವಳ್ತಾ ಇದೀವಿ. ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲಕ್ಕೆ ಹೊರಟೇಬಿಡ್ತು. ಸಕಲೇಶಪುರ ದಾಟಿ ರಸ್ತೆ ಸಮ ಆಗಿ, ಅರವತ್ತರ ವೇಗ ಬಂತು ನೋಡಿ, ಮುಳ್ಳು ತಾನಾಗೇ ಇಳೀತು. ಇದು ದೊಡ್ಡ ಸುಳಿವು. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ರೆ ಸಾಮಾನ್ಯವಾಗಿ ವೇಗವಾಗಿ ಓಡಿಸುವಾಗ್ಲೂ ಬಿಸಿ ಏರುತ್ತೆ. ನಿಧಾನಕ್ಕೆ ಹೋಗುವಾಗ ಮಾತ್ರ ಏರಿ, ಎದುರುಗಾಳಿ ಸಿಕ್ಕ ಕೂಡಲೇ ಇಳಿದ್ರೆ, ಫ್ಯಾನ್ ಗಾಳಿ ಎಳೀತಿಲ್ಲ ಅಂತ. ಹಾಗಾಗಿ ಅನುಮಾನ ಫ್ಯಾನ್ ಕ್ಲಚ್ ಮೇಲೆ, ಅಂದ್ರೆ ಇಂಜಿನ್ನಿನ ತಿರುಗಾಟವನ್ನ ಫ್ಯಾನಿಗೆ ಕೊಡೋ ಭಾಗದ ಮೇಲೆ. ಗೇರ್ ಹಾಕುವಾಗ ತುಳಿಯೋ ಕ್ಲಚ್ ಅಲ್ಲ ಇದು.

ಒಂದು ಗ್ಯಾರೇಜಲ್ಲಿ ಕೇಳಿದಾಗ, "ಡೈರೆಕ್ಟ್ ಮಾಡಿಬಿಡೋಣ ಬಿಡಿ, ಎರಡು ಬೋಲ್ಟ್ ಹೊಡೆದ್ರೆ ಮುಗೀತು" ಅಂದ್ರು. ಅಂದ್ರೆ ಕ್ಲಚ್ಚನ್ನ ಲಾಕ್ ಮಾಡಿ ಫ್ಯಾನ್ ಯಾವಾಗ್ಲೂ ಇಂಜಿನ್ ಜೊತೆಗೇ ತಿರುಗೋ ಹಾಗೆ ಮಾಡೋದು. ನನಗೆ ಮನಸ್ಸು ಒಪ್ಪಲಿಲ್ಲ. ಯಾಕೆ ಅಂತ ಹೇಳ್ತೀನಿ.

ಈ ಕ್ಲಚ್ಚಿನ ಮುಖದ ಮೇಲೆ ಗಡಿಯಾರದ ಸ್ಪ್ರಿಂಗ್ ಥರ ಸುತ್ತಿಕೊಂಡಿರೋ ತಗಡಿನ ಪಟ್ಟಿ ಕಾಣ್ತಿದೆಯಲ್ಲ? ಅದು ಎರಡು ಲೋಹ ಬೆಸೆದು ಮಾಡಿದ್ದು. ರೇಡಿಯೇಟರ್ ದಾಟಿ ಬಿಸಿಗಾಳಿ ತಾಗಿದಾಗ ಅದು ತಿರುಚಿಕೊಳ್ಳುತ್ತೆ, ಒಳಗಿನ ಸಣ್ಣ ಬಾಗಿಲು ತೆಗೆಯುತ್ತೆ. ಆಗ ಗಟ್ಟಿ ಸಿಲಿಕೋನ್ ಆಯಿಲ್ ಪ್ಲೇಟುಗಳ ಮಧ್ಯೆ ನುಗ್ಗಿ ಫ್ಯಾನನ್ನ ಎಳ್ಕೊಂಡು ತಿರುಗುತ್ತೆ. ತಣ್ಣಗಾದ್ರೆ ಆಯಿಲ್ ವಾಪಸ್ ತನ್ನ ಜಾಗಕ್ಕೆ, ಫ್ಯಾನ್ ಸಡಿಲ. ವೈರಿಲ್ಲ, ಸ್ವಿಚ್ಚಿಲ್ಲ. ಎಷ್ಟು ಬೇಕೋ ಅಷ್ಟೇ ಕೆಲಸ. ಇಂಥದ್ದಕ್ಕೆ ಬೋಲ್ಟ್ ಹೊಡೆದ್ರೆ ಹೈವೇಲೂ ಸುಮ್ನೆ ಭರ್ರೋ ಅಂತ ತಿರುಗ್ತಾ ಡೀಸೆಲ್ ತಿನ್ನುತ್ತೆ, ವಾಟರ್ ಪಂಪಿನ ಬೇರಿಂಗ್ ಮೇಲೂ ಭಾರ.

ನಮ್ಮ ಕ್ಲಚ್ ನೋಡಿ. ನಡುವಿನಿಂದ ಅಂಚಿನವರೆಗೆ ಕಪ್ಪು ಗೆರೆಗಳು, ಬೆರಳಿಟ್ಟರೆ ಅಂಟಂಟು. ಆಯಿಲ್ ಸೋರಿ ಅದರ ಮೇಲೆ ಧೂಳು ಕೂತಿರೋದು. ಕೈಯಲ್ಲಿ ಒಂದು ಸಲ ತಳ್ಳಿದ್ದಕ್ಕೆ ಬುಗುರಿ ಥರ ಮೂರ್ನಾಲ್ಕು ಸುತ್ತು ಹೋಯ್ತು. ಸರಿ ಇರೋ ಕ್ಲಚ್ಚಾದ್ರೆ ಕೈಗೆ ಸ್ವಲ್ಪ ಬಿಗಿ ಸಿಗಬೇಕು, ಬಿಟ್ಟ ಕೂಡಲೇ ನಿಲ್ಲಬೇಕು.

ಇನ್ನು ಬಿಚ್ಚೋದು. ಮೊದಲು ಒಂದು ರಟ್ಟು ಕತ್ತರಿಸಿ ರೇಡಿಯೇಟರ್ ಹಿಂದೆ ಇಳಿಸಿದೀನಿ. ಆ ಜಾಲರಿ ಬಹಳ ನಾಜೂಕು, ಸ್ಪ್ಯಾನರ್ ಜಾರಿದ್ರೆ ತೂತು. ಕ್ಲಚ್ಚನ್ನ ವಾಟರ್ ಪಂಪಿಗೆ ಹಿಡಿದಿರೋದು ನಾಲ್ಕು ನಟ್ಟು, 12ರ ಸ್ಪ್ಯಾನರ್. ಬೆಲ್ಟ್ ಸಡಿಲ ಮಾಡೋ ಮುಂಚೆಯೇ ಈ ನಟ್ಟುಗಳನ್ನ ಸಡಿಲ ಮಾಡ್ಕೊಳ್ಳಿ. ಬೆಲ್ಟ್ ಬಿಗಿ ಇದ್ರೆ ಪುಲ್ಲಿ ಅಲುಗಲ್ಲ. ಇನ್ನೊಂದು ಕೈಯಲ್ಲಿ ಬೆಲ್ಟನ್ನ ಒತ್ತಿ ಹಿಡೀತೀನಿ. ಜಾಗ ಎಷ್ಟು ಇಕ್ಕಟ್ಟು ಅಂದ್ರೆ ಒಂದು ಸಲಕ್ಕೆ ಕಾಲು ಸುತ್ತೂ ಸಿಗಲ್ಲ. ನಾಲ್ಕಕ್ಕೇ ಅರ್ಧ ಗಂಟೆ ಹಿಡೀತು, ವಿಡಿಯೋದಲ್ಲಿ ಓಡಿಸಿಬಿಟ್ಟಿದೀನಿ.

ಆಮೇಲೆ ಫ್ಯಾನ್ ಕವರಿನ ಬೋಲ್ಟ್ ತೆಗೆದು, ಕವರು ಫ್ಯಾನು ಎರಡನ್ನೂ ಒಟ್ಟಿಗೆ ಮೇಲಕ್ಕೆ ಎತ್ತಿದ್ವಿ. ಅಪ್ಪ ಆ ಕಡೆ, ನಾನು ಈ ಕಡೆ. "ನಿಧಾನ ಮಗಾ, ರೇಡಿಯೇಟರ್ ನೋಡ್ಕೋ," ಅಂತಾನೇ ಇದ್ರು. ಫ್ಯಾನ್ ಹೊರಗಿರುವಾಗಲೇ ವಾಟರ್ ಪಂಪಿನ ತುದಿ ಹಿಡಿದು ಅಲ್ಲಾಡಿಸಿ ನೋಡಿ. ನಮ್ಮದರಲ್ಲಿ ಆಟ ಇರಲಿಲ್ಲ, ಸಮಾಧಾನ ಆಯ್ತು.

ಹೊಸ ಕ್ಲಚ್ಚನ್ನ ಮಲಗಿಸಿ ಇಡಬೇಡಿ, ಗಾಡಿಯಲ್ಲಿ ಹೇಗೆ ಕೂರುತ್ತೋ ಹಾಗೇ ನಿಲ್ಲಿಸಿಡಿ, ಇಲ್ಲಾಂದ್ರೆ ಒಳಗಿನ ಆಯಿಲ್ ಜಾಗ ಬದಲಾಯಿಸಿ ಸೋರಬಹುದು. ಫ್ಯಾನಿನ ರೆಕ್ಕೆಗಳನ್ನ ಕ್ಲಚ್ಚಿಗೆ ಹಿಡಿಯೋದು ನಾಲ್ಕು ಸಣ್ಣ ಬೋಲ್ಟ್, ಬಿಚ್ಚುವಾಗ ಯಾವ ಮುಖ ಇಂಜಿನ್ ಕಡೆ ಇತ್ತು ಅಂತ ಸುಣ್ಣದಲ್ಲಿ ಗುರುತು ಹಾಕ್ಕೊಂಡಿದ್ದೆ. ಜೋಡಿಸೋದು ಇದೇ ದಾರಿ, ಉಲ್ಟಾ.

ಭಾನುವಾರ ಮತ್ತೆ ಗುಂಡ್ಯ. ಮಾರನಹಳ್ಳಿ ಕಡೆ ಏರುವಾಗ, ಲಾರಿ ಹಿಂದೆ, ಮುಂದಿನಿಂದ ಹೋ ಅಂತ ಗಾಳಿ ಎಳೆಯೋ ಸದ್ದು ಶುರುವಾಯ್ತು. ಸ್ವಲ್ಪ ಹೊತ್ತಿಗೆ ತಾನಾಗೇ ನಿಂತಿತು. ಮುಳ್ಳು ಅರ್ಧದ ಕೆಳಗೇ. ಅಪ್ಪ ರೇಡಿಯೋ ಸಣ್ಣ ಮಾಡಿ, ಆ ಸದ್ದು ಮತ್ತೆ ಬರುತ್ತಾ ಅಂತ ಕಿವಿಗೊಟ್ಟು ಕೂತಿದ್ರು.