ವಾಚ್ ಕಳ್ಳರ ಕೋರ್ಟ್ ಕೇಸಲ್ಲಿ ಸಿಕ್ಕ ಕೈಗಾರಿಕಾ ಕ್ರಾಂತಿ

ನಮಸ್ಕಾರ ಎಲ್ರಿಗೂ. ಹೋದ ವಿಡಿಯೋ ನೋಡಿ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರಿ, ಕೈಗಾರಿಕಾ ಕ್ರಾಂತಿ ಇಂಗ್ಲೆಂಡಲ್ಲೇ ಯಾಕೆ ಶುರುವಾಯ್ತು ಅಂತ. ಕಲ್ಲಿದ್ದಲು ಇತ್ತು, ಸ್ಟೀಮ್ ಇಂಜಿನ್ ಬಂತು, ವಸಾಹತುಗಳ ದುಡ್ಡು ಹರಿದು ಬಂತು, ಇದೆಲ್ಲ ಹೈಸ್ಕೂಲಲ್ಲೇ ಓದಿದೀವಿ, ಮತ್ತೆ ಹೇಳಲ್ಲ. ನನ್ನ ತಲೆ ಕೊರೀತಿರೋದು ಬೇರೆ. ಮಷೀನಿನ ಐಡಿಯಾ ಯಾರಿಗೋ ಹೊಳೀತು ಸರಿ, ಅದನ್ನ ಕೈಯಾರೆ ಮಾಡಿಕೊಟ್ಟೋರು ಯಾರು? ಹಲ್ಲಿನ ಚಕ್ರಗಳನ್ನ ಕೂದಲೆಳೆಯಷ್ಟೂ ವ್ಯತ್ಯಾಸ ಬರದ ಹಾಗೆ ಕತ್ತರಿಸೋ ಕಸುಬುದಾರರು ಅಷ್ಟೊಂದು ಜನ ಎಲ್ಲಿಂದ ಬಂದ್ರು?

ಉತ್ತರದ ದೊಡ್ಡ ಪಾಲು ಇರೋದು ಜೇಬುಗಡಿಯಾರದಲ್ಲಿ.

ಕೆಲಸ ಹಂಚಿಕೊಂಡ್ರೆ ಮಾಲು ಅಗ್ಗ ಆಗತ್ತೆ ಅನ್ನೋದು ಗೊತ್ತಿರೋದೇ. 1680ರ ದಶಕದಲ್ಲೇ ವಿಲಿಯಂ ಪೆಟ್ಟಿ ಅನ್ನೋರು ಬರೆದಿದ್ರು, ಒಬ್ಬ ಚಕ್ರ ಮಾಡ್ಲಿ, ಇನ್ನೊಬ್ಬ ಸ್ಪ್ರಿಂಗ್ ಮಾಡ್ಲಿ, ಮತ್ತೊಬ್ಬ ಡಯಲ್ ಕೆತ್ತಲಿ, ಆಗ ಗಡಿಯಾರ ಚೆನ್ನಾಗೂ ಇರತ್ತೆ ಅಗ್ಗವೂ ಆಗತ್ತೆ ಅಂತ. ಆಮೇಲೆ 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಬಂದು ಇನ್ನೂ ದೊಡ್ಡ ಮಾತು ಹೇಳಿದ್ರು. ಹಿಂದಿನ ಶತಮಾನದ ನಡುವಲ್ಲಿ 20 ಪೌಂಡ್ ಇದ್ದ ವಾಚಿನ ಮೂವ್‌ಮೆಂಟ್, ಅಂದ್ರೆ ಒಳಗಿನ ಯಂತ್ರ, ಅದಕ್ಕಿಂತ ಒಳ್ಳೇದೇ ಈಗ 20 ಶಿಲಿಂಗ್‌ಗೆ ಸಿಗಬಹುದು ಅಂತ. ಒಂದು ಪೌಂಡಿಗೆ 20 ಶಿಲಿಂಗ್, ಹಾಗಾಗಿ ಬೆಲೆ ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಇಳಿದಿದೆ ಅಂದ ಹಾಗಾಯ್ತು. ನಂಬೋದು ಹೇಗೆ? ಆ ಕಾಲದ ಅಂಗಡಿ ಬಿಲ್‌ಗಳನ್ನ ಯಾರು ಜೋಡಿಸಿಟ್ಟಿದಾರೆ?

ಇಲ್ಲಿ ಕಳ್ಳರು ಬರ್ತಾರೆ, ಈ ಇಡೀ ಕಥೇಲಿ ನನಗೆ ತುಂಬಾ ಇಷ್ಟವಾದ ಜಾಗ ಇದು, ಸ್ವಲ್ಪ ಹೊತ್ತು ಇಲ್ಲೇ ನಿಲ್ತೀನಿ.

ಲಂಡನ್ನಿನಲ್ಲಿ ಓಲ್ಡ್ ಬೈಲಿ ಅಂತ ಕ್ರಿಮಿನಲ್ ಕೋರ್ಟ್ ಇದೆ. ಆಗ ಜೇಬುಗಳ್ಳರಿಗೆ ವಾಚ್ ಅಂದ್ರೆ ಪ್ರಾಣ, ಚಿಕ್ಕದು, ಬೆಲೆಬಾಳೋದು, ಎಲ್ಲಿ ಬೇಕಾದ್ರೂ ಮಾರಬಹುದು. ಸಿಕ್ಕಿಬಿದ್ದ ಮೇಲೆ ಕೋರ್ಟಲ್ಲಿ ಮಾಲಿನ ಬೆಲೆ ದಾಖಲಾಗಲೇಬೇಕು, ಯಾಕಂದ್ರೆ ಎಷ್ಟೋ ಕೇಸಲ್ಲಿ ಶಿಕ್ಷೆ ನಿಂತಿದ್ದೇ ಬೆಲೆ ಮೇಲೆ. ಮನೆಯೊಳಗಿಂದ 40 ಶಿಲಿಂಗ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯದ್ದು ಕದ್ರೆ ಗಲ್ಲು! ಜ್ಯೂರಿಯವರು ಒಂದು ಜೀವ ಉಳಿಸೋಕೆ ಅಂತಲೇ ಮಾಲಿನ ಬೆಲೆ 39 ಶಿಲಿಂಗ್ ಅಂತ ತೀರ್ಪು ಕೊಟ್ಟಿದ್ದು ಎಷ್ಟೋ ಸಲ. ಹೀಗೆ ಒಂದೊಂದು ಕೇಸಲ್ಲೂ ವಾಚ್ ಚಿನ್ನದ್ದೋ ಬೆಳ್ಳಿದೋ, ಎಷ್ಟು ಬಾಳತ್ತೆ ಅನ್ನೋದೆಲ್ಲ ಬರವಣಿಗೇಲಿ ಉಳ್ಕೊಂಡಿತು. 2016ರಲ್ಲಿ ಮಾರ್ಗನ್ ಕೆಲ್ಲಿ, ಕಾರ್ಮಕ್ ಓ ಗ್ರಾಡಾ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 1685ರಿಂದ 1810ರವರೆಗಿನ ಕೇಸ್‌ಗಳಿಂದ 3,200ಕ್ಕೂ ಹೆಚ್ಚು ಕದ್ದ ವಾಚುಗಳ ಬೆಲೆ ಹೆಕ್ಕಿ ಲೆಕ್ಕ ಹಾಕಿದ್ರು. ವರ್ಷಕ್ಕೆ ಶೇ. 1.3ರಂತೆ ಬೆಲೆ ಇಳೀತಾನೇ ಹೋಗಿದೆ, ನೂರು ವರ್ಷದಲ್ಲಿ ಶೇ. 75ರಷ್ಟು, ಅದೂ ಗುಣಮಟ್ಟ ಸುಧಾರಿಸಿದ್ದನ್ನ ಲೆಕ್ಕಕ್ಕೆ ಹಿಡೀದೇನೇ. ಅಂದ್ರೆ ಬಟ್ಟೆ ಮಿಲ್ಲುಗಳು ಬರೋಕೆ ಎಷ್ಟೋ ಮುಂಚೇನೇ ಒಂದು ಕಸುಬು ಸದ್ದಿಲ್ಲದೆ ಈ ದಾರಿ ಹಿಡಿದಾಗಿತ್ತು.

[ಸ್ಕ್ರೀನ್ ಮೇಲೆ: ಲ್ಯಾಂಕಷೈರ್ ಮ್ಯಾಪ್, ಪ್ರೆಸ್ಕಾಟ್ ಊರು]

ಲಿವರ್‌ಪೂಲ್ ಹತ್ರ ಪ್ರೆಸ್ಕಾಟ್ ಅಂತ ಊರು. ಸುತ್ತಮುತ್ತ ಹಳ್ಳಿಗಳಲ್ಲಿ ಮನೆಗೆ ಅಂಟಿಕೊಂಡ ಸಣ್ಣ ವರ್ಕ್‌ಶಾಪು, ಒಂದು ಮನೇಲಿ ಬರೀ ಚಕ್ರ, ಇನ್ನೊಂದ್ರಲ್ಲಿ ಬರೀ ಸ್ಪ್ರಿಂಗು, ಎಲ್ಲ ಸೇರಿ ಅರೆಸಿದ್ಧ ಯಂತ್ರ ಆಗಿ ಲಂಡನ್ನಿಗೋ ಕವೆಂಟ್ರಿಗೋ ಹೋಗೋದು, ಅಲ್ಲಿನೋರು ಫಿನಿಷಿಂಗ್ ಮಾಡಿ ತಮ್ಮ ಹೆಸರು ಹಾಕಿ ಮಾರೋರು. ಹೀಗೆ ಮಾಡ್ರಪ್ಪ ಅಂತ ಯಾವ ರಾಜನೂ ಅಪ್ಪಣೆ ಕೊಟ್ಟಿರಲಿಲ್ಲ. ಲಂಡನ್ನಿನ ಗಡಿಯಾರದವರ ಸಂಘದ ಅಧಿಕಾರ ಆ ನಗರದಿಂದ ಹತ್ತು ಮೈಲಿವರೆಗೆ ಮಾತ್ರ, ಲ್ಯಾಂಕಷೈರಿನೋರಿಗೆ ಅದರ ಹಂಗಿಲ್ಲ. ಕೊಡೋನಿಗೂ ತಗೊಳೋನಿಗೂ ಲಾಭ ಇತ್ತು, ಅದಕ್ಕೇ ನಡೀತು.

ವಾಚಿನ ಭಾಗ ಮಾಡೋನಿಗೆ ಒಳ್ಳೆ ಅರ ಬೇಕು, ಲೋಹ ಉಜ್ಜೋ ಅರ, ಹಾಗಾಗಿ ಅರ ಮಾಡೋದೇ ಒಂದು ಕಸುಬಾಯ್ತು. ವಾರಿಂಗ್ಟನ್ ಊರಿನ ಪೀಟರ್ ಸ್ಟಬ್ಸ್ ಅದ್ರಲ್ಲಿ ಹೆಸರುವಾಸಿ, ಆತ ಹೆಂಡದಂಗಡಿ ಕೂಡ ಇಟ್ಕೊಂಡಿದ್ದ, ಬಿಯರ್ ಪೀಪಾಯಿ ತಳದ ಗಸಿ ಸೇರಿಸಿದ ಪೇಸ್ಟನ್ನ ಅರಕ್ಕೆ ಬಳಿದು ಕಾಯಿಸಿ ಗಟ್ಟಿ ಮಾಡ್ತಿದ್ದ! ಗಸಿಯಲ್ಲಿರೋ ಇಂಗಾಲ ಉಕ್ಕಿನ ಮೈಗೆ ಹತ್ಕೊಳ್ಳೋದು.

ಈಗ ಮಿಲ್ಲಿಗೆ ಬರೋಣ. ರಿಚರ್ಡ್ ಆರ್ಕ್‌ರೈಟ್ ಮೂಲತಃ ಕ್ಷೌರಿಕ, ವಿಗ್ ಮಾಡೋನು. ಅವನ ನೂಲುವ ಯಂತ್ರಕ್ಕೆ ಕೈ ಜೋಡಿಸಿದ್ದು ಅದೇ ವಾರಿಂಗ್ಟನ್ನಿನ ಗಡಿಯಾರದವನು, ಜಾನ್ ಕೇ. 1769ರಲ್ಲಿ ಪೇಟೆಂಟ್, 1771ರಲ್ಲಿ ಕ್ರಾಮ್‌ಫರ್ಡಲ್ಲಿ ಮಿಲ್ಲು ಶುರು, ಅದೇ ಡಿಸೆಂಬರಲ್ಲಿ ಡರ್ಬಿಯ ಪೇಪರಿನಲ್ಲಿ ಜಾಹೀರಾತು: ಗಡಿಯಾರ ಕೆಲಸದವರು ಇಬ್ಬರು ತಕ್ಷಣ ಬೇಕು, ಇಲ್ಲಾಂದ್ರೆ ಹಲ್ಲಿನ ಚಕ್ರದ ಕೆಲಸ ಚೆನ್ನಾಗಿ ಬಲ್ಲೋರು ಬೇಕು. ಮಿಲ್ಲಿನ ಗೇರುಗಳಿಗೆ ಅಲ್ಲಿನೋರು ‘ಗಡಿಯಾರದ ಕೆಲಸ’ ಅಂತಲೇ ಹೇಳ್ತಿದ್ರು.

ಒಂದು ಮಾತು ಹೇಳಲೇಬೇಕು. ಪ್ರೆಸ್ಕಾಟಿನ ವ್ಯಾಪಾರ ಒಪ್ಪಿಗೆಯದ್ದು, ನಿಜ. ಆದ್ರೆ ಲ್ಯಾಂಕಷೈರಿನ ಮಿಲ್ಲುಗಳಿಗೆ ಬಂದ ಹತ್ತಿಯ ಬಹುಪಾಲು ಗುಲಾಮರಿಂದ ಬೆಳೆಸಿದ್ದು, ಅವರನ್ನ ಯಾರೂ ಒಪ್ಪಿಗೆ ಕೇಳಿರಲಿಲ್ಲ. ಭಾರತದ ಅಚ್ಚಿನ ಬಟ್ಟೆಗೆ ಇಂಗ್ಲೆಂಡಿನಲ್ಲಿ 1700ರ ಹೊತ್ತಿಗೇ ನಿಷೇಧದ ಕಾಯ್ದೆ ಮಾಡಿದ್ರು, 1721ರಲ್ಲಿ ಇನ್ನೂ ಬಿಗಿ ಮಾಡಿದ್ರು. ಸ್ವಯಂಪ್ರೇರಿತ ವ್ಯಾಪಾರ ಒಂದೇ ಇಂಗ್ಲೆಂಡನ್ನ ಬೆಳೆಸ್ತು ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ಗಡಿಯಾರದ ಕಸುಬಿನ ಕೈಚಳಕ ಬೆಳೆದಿದ್ದು ಮಾತ್ರ ಅಂಥ ವ್ಯಾಪಾರದಿಂದ, ಅಷ್ಟನ್ನ ಧೈರ್ಯವಾಗಿ ಹೇಳ್ತೀನಿ.

ಟೈಮ್ ಆಗ್ತಾ ಬಂತು, ಉಳಿದಿದ್ದು ಬೇಗ ಬೇಗ. ಒಳ್ಳೆ ಗಡಿಯಾರ ಸ್ಪ್ರಿಂಗ್ ಹುಡುಕ್ತಾ ಹೋದ ಬೆಂಜಮಿನ್ ಹಂಟ್ಸ್‌ಮನ್ ಅನ್ನೋ ಗಡಿಯಾರದವನು 1740ರ ದಶಕದಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸೋ ವಿಧಾನ ಕಂಡುಹಿಡಿದ, ಶೆಫೀಲ್ಡಿನ ಉಕ್ಕಿನ ಹೆಸರು ಬೆಳೆದಿದ್ದು ಅಲ್ಲಿಂದ. 1797ರಲ್ಲಿ ಪ್ರಧಾನಿ ಪಿಟ್ ಗಡಿಯಾರಕ್ಕೆ ತೆರಿಗೆ ಹಾಕಿದ್ರು, ಕಸುಬಿನೋರು ಕಂಗಾಲಾದ್ರು, ಮರುವರ್ಷವೇ ತೆಗೆದುಹಾಕಬೇಕಾಯ್ತು. ಆಮೇಲೆ ಅಮೆರಿಕದೋರು ಒಂದಕ್ಕೊಂದು ಹೊಂದೋ ಭಾಗಗಳನ್ನ ಮಷೀನಲ್ಲೇ ಮಾಡೋಕೆ ಶುರು ಮಾಡಿದ ಮೇಲೆ ಪ್ರೆಸ್ಕಾಟಿನ ಮನೆ ವರ್ಕ್‌ಶಾಪುಗಳು ತಡ್ಕೊಳ್ಳಲಿಲ್ಲ, 1889ರಲ್ಲಿ ಅಲ್ಲೂ ದೊಡ್ಡ ಫ್ಯಾಕ್ಟರಿ ಕಟ್ಟಿದ್ರು, ಅದೂ ಬಹಳ ಕಾಲ ನಡೀಲಿಲ್ಲ.

ಬೆಂಗಳೂರಲ್ಲಿ ಆಗಿದ್ದು ಇದರ ತಿರುಗುಮುರುಗು. ಎಚ್‌ಎಂಟಿ 1953ರಲ್ಲಿ ಹುಟ್ಟಿದ್ದು ಮಷೀನ್ ಟೂಲ್ ಮಾಡೋಕೆ, ವಾಚ್ ಬಂದಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಸಹಯೋಗದಲ್ಲಿ. ನಿಮ್ಮ ಮನೇಲಿ ಯಾರಾದ್ರೂ ವಾಚ್ ಫ್ಯಾಕ್ಟರೀಲಿ ಕೆಲಸ ಮಾಡಿದ್ರೆ ಯಾವ ಸೆಕ್ಷನ್, ದಿನವಿಡೀ ಯಾವ ಒಂದು ಭಾಗ ಮಾಡ್ತಿದ್ರು ಅಂತ ಕೇಳಿ ಬರೀರಿ, ಮುಂದಿನ ವಿಡಿಯೋ ಅದರ ಮೇಲೇ ಮಾಡೋಣ ಅಂತಿದೀನಿ.